ಅತ್ತೆಯ ಕಾಲಿಗೊಂದು ಚಪ್ಪರ

ಮಾರ್ಚ್ 3
ಲ್ಯಾಬಿನ ಮೂಳೆಯಚ್ಚಿನ ಪ್ರಿಂಟರ್ ಮತ್ತೆ ಕೈಕೊಟ್ಟಿತು. ಮೂತಿ ಕಟ್ಟಿಕೊಂಡಿತ್ತು, ತೊಳೆದು ಕೂರಿಸುವಷ್ಟರಲ್ಲಿ ಸರ್ಜನ್ ಫೋನ್. ಅತ್ತೆಯ ಮೊಣಕಾಲ ಕೆಳಗೆ ಕೀವು ತಿಂದ ಮೂಳೆಯನ್ನೆಲ್ಲ ತೆಗೆದಾಗಿದೆ. ಅಂಗೈಯಗಲ ಖಾಲಿ. ಕಾಲು ತೆಗೆಯಬೇಕು, ಇಲ್ಲವೇ ನಮ್ಮ ಲ್ಯಾಬಿನ ಸ್ಕ್ಯಾಫೋಲ್ಡ್, ಹೊಸ ಮೂಳೆ ಹಬ್ಬಲೆಂದು ಅಚ್ಚು ಹಾಕುವ ತೂತುತೂತಿನ ಚೌಕಟ್ಟು, ಕೂರಿಸಬೇಕು.
ಇವರಿಗೆ ತಾಯಿಯ ಕಾಲು ಉಳಿದರೆ ಸಾಕು. "ಊರವರಿಗೆಲ್ಲ ಮಾಡಿಕೊಡ್ತೀಯ. ಅಮ್ಮನಿಗೆ ಅಂದ್ರೆ ಯಾಕೆ ಮೀನಮೇಷ?"
ಊರವರದು ಚಿಕ್ಕ ಚಿಕ್ಕ ತೂತು. ಇಷ್ಟು ದೊಡ್ಡದನ್ನು ಕುರಿಗಳಲ್ಲಿ ಮಾತ್ರ ನೋಡಿದ್ದೇವೆ. ತುದಿಗಳಲ್ಲಿ ಮೂಳೆ ಬೆಳೆಯಿತು... ನಡುವಿನವರೆಗೆ ರಕ್ತನಾಳ ಹೋಗಲೇ ಇಲ್ಲ. ಟೊಳ್ಳು.

ಮಾರ್ಚ್ 5
ಇದ್ದದ್ದು ಇದ್ದ ಹಾಗೆ ಅತ್ತೆಗೆ ಹೇಳಿದೆ. ಆಯುಷ್ಯವಿಡೀ ಶಾಲೆಯಲ್ಲಿ ಡ್ರಿಲ್ ಮಾಡಿಸಿದವರು. ಮಂಚದ ಮೇಲೂ ನೆಟ್ಟಗೆ ಕೂರುತ್ತಾರೆ.
"ಅಂದ್ರೆ ಬಳ್ಳಿಗೆ ಚಪ್ಪರ ಹಾಕಿದ ಹಾಗೆ. ಹಬ್ಬೋದು ಬಿಡೋದು ಬಳ್ಳಿಗೆ ಸೇರಿದ್ದು."
"ಹೌದತ್ತೆ. ನಡುವಿನವರೆಗೂ ಹಬ್ಬುತ್ತೆ ಅಂತ ಮಾತು ಕೊಡೋಕಾಗಲ್ಲ."
"ನಿನ್ನ ಮಾತು ಯಾರಿಗೆ ಬೇಕೇ? ಚಪ್ಪರ ಗಟ್ಟಿಯಾಗಿ ಕಟ್ಟು."
ಇವರು ವರಾಂಡಕ್ಕೆ ಹೋಗಿ ಅತ್ತರು.

ಮಾರ್ಚ್ 19
ಸ್ಕ್ಯಾಫೋಲ್ಡಿಗೆ ಅತ್ತೆಯದೇ ಮಜ್ಜೆಯ ಜೀವಕೋಶ ತುಂಬಿ ಕಾಲಿಗೆ ಕೂರಿಸಿದರು. ಆಪರೇಷನ್ ಥಿಯೇಟರಿಗೆ ನಾನು ಒಯ್ಯಲಿಲ್ಲ, ಬೇರೆಯವರ ಕೈಲಿ ಕಳಿಸಿದೆ.

ಜೂನ್ 30
ಎಕ್ಸ್-ರೇ. ಎರಡೂ ತುದಿ ಕೂಡಿವೆ. ನಡುವೆ... ಸ್ಕ್ಯಾಫೋಲ್ಡೇ ಬೆಳ್ಳಗೆ ಕಾಣುವುದರಿಂದ ಹೊಸ ಮೂಳೆ ಇದೆಯೋ ಇಲ್ಲವೋ ಗೊತ್ತಾಗದು. ಅತ್ತೆ ವಾಕರ್ ಹಿಡಿದು ನಡೆಯುತ್ತಿದ್ದಾರೆ, ನರ್ಸಿಗೇ ಲೆಫ್ಟ್-ರೈಟ್ ಹೇಳಿಕೊಡುತ್ತ.

ಆಗಸ್ಟ್ 11
ಜ್ವರ. ಹಳೆಯ ಕೀವೇ, ರಕ್ತಕ್ಕೂ ಇಳಿದಿದೆ. ಔಷಧಿ ಬದಲಾಯಿಸಿ ಕಾಯಬಹುದು, ಆದರೆ ಜೀವಕ್ಕೆ ಅಪಾಯ, ಇಲ್ಲವೇ ಕಾಲು ತೆಗೆಯಬೇಕು ಎಂದರು ಸರ್ಜನ್. "ಕಾಯೋಣ" ಎಂದರು ಇವರು.
ಅತ್ತೆ ನನ್ನನ್ನೇ ನೋಡಿದರು. "ನಡುವೆ ಬೆಳೆದಿದೆ ಅಂತ ನಿಂಗನ್ಸುತ್ತಾ?"
ಕುರಿಗಳು ಕಣ್ಣ ಮುಂದೆ ಬಂದವು. "ಇಲ್ಲ ಅತ್ತೆ. ಬೆಳೆದಿರಲಾರದು."
"ಸರಿ. ಟೊಳ್ಳು ಕಾಲಿಗೆ ಪ್ರಾಣ ಒತ್ತೆ ಇಡಲ್ಲ. ತೆಗೀಲಿ."

ಆಗಸ್ಟ್ 12
ತೆಗೆದರು. ಇವರು ನನ್ನ ಜೊತೆ ಮಾತಾಡುತ್ತಿಲ್ಲ.

ಸೆಪ್ಟೆಂಬರ್ 9
ತೆಗೆದ ಮೂಳೆಯ ಸ್ಲೈಡ್‌ಗಳು ಸಿದ್ಧವಾದವು. ಮೈಕ್ರೋಸ್ಕೋಪಿನಲ್ಲಿ ನಾನೇ ನೋಡುತ್ತೇನೆಂದೆ. ತುದಿ ಸರಿ. ಮೆಲ್ಲಗೆ ನಡುವಿಗೆ ಸರಿಸಿದೆ. ರಕ್ತನಾಳ. ಅದರ ಸುತ್ತ ಹೊಸ ಮೂಳೆ, ಎಳೆಯದು, ಜೀವಂತ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಒಂದು ಕುರಿಯಲ್ಲೂ ಆಗದಿದ್ದದ್ದು. ಹಿಂದೆ ನಿಂತಿದ್ದ ಲ್ಯಾಬಿನವರು ಬೆನ್ನು ತಟ್ಟಿದರು, ಕೈ ಕುಲುಕಿದರು. ಸ್ಲೈಡ್ ತೆಗೆದು ಡಬ್ಬಿಗೆ ಹಾಕಿದೆ.
ಸಂಜೆ ಮನೆಗೆ ಬಂದೆ. ಅತ್ತೆ ಬಾಗಿಲ ಕಡೆ ಮುಖ ಮಾಡಿಯೇ ಕೂತಿದ್ದರು.
"ನೋಡಿದ್ಯಾ? ಬೆಳೆದಿತ್ತಾ?"
ಇವರೂ ಪೇಪರ್ ಕೆಳಗಿಟ್ಟರು. ಚಪ್ಪಲಿ ಬಿಚ್ಚುತ್ತ ತಲೆಯೆತ್ತದೆಯೇ ನಾನು "ಇಲ್ಲ ಅತ್ತೆ, ನಡುವೆ ಟೊಳ್ಳೇ ಇತ್ತು" ಎಂದೆ.