ಹಣೆ ಬರಿದಾಗಿದ್ದ ನಾಲ್ಕು ದಿನ

ಮಸ್ಕಿ
16 ನವೆಂಬರ್ 2025, ಭಾನುವಾರ

ಪ್ರೀತಿಯ ಅವ್ವನಿಗೆ ಸಿದ್ದಲಿಂಗೇಶನ ನಮಸ್ಕಾರಗಳು.

ನಿನ್ನ ಮೊಣಕಾಲು ನೋವು ಹೇಗಿದೆ? ಸೊಲ್ಲಾಪುರದ ಚಳಿಗೆ ಹೆಚ್ಚಾಗಿರಬೇಕು. ಅಕ್ಕನೂ ಕೂಸೂ ಆರಾಮ ಇದ್ದಾರೆಂದು ತಿಳಿದಿದ್ದೇನೆ. ಬಾಣಂತನ ಮುಗಿಯುವವರೆಗೆ ಇಲ್ಲಿಯ ಚಿಂತೆ ಬೇಡ. ಅಪ್ಪ ತಾವೇ ರೊಟ್ಟಿ ಬಡಿಯುತ್ತಾರೆ. ಒಂದೂ ದುಂಡಗಾಗುವುದಿಲ್ಲ. "ಹೊಟ್ಟ್ಯಾಗ ಹ್ವಾದ ಮ್ಯಾಲ ದುಂಡಗಿದ್ರೇನು, ಸೊಟ್ಟಗಿದ್ರೇನು" ಎನ್ನುತ್ತಾರೆ.

ಮೊನ್ನೆ ವಿಡಿಯೊ ಕರೆಯಲ್ಲಿ ನೀನು "ಹಣಿಮ್ಯಾಲ ಈಬತ್ತಿ ಯಾಕಿಲ್ಲೋ?" ಎಂದು ಕೇಳಿದೆ. ನೆಟ್‌ವರ್ಕ್ ಇಲ್ಲವೆಂದು ನಾನು ಕಟ್ ಮಾಡಿದೆ. ನೆಟ್‌ವರ್ಕ್ ಇತ್ತು. ಅದರ ಉತ್ತರ ಬರೆಯುತ್ತಿದ್ದೇನೆ.

ಲಿಂಗಸುಗೂರಿನ ಪ್ರಯೋಗಾಲಯದಲ್ಲಿ ನನ್ನ ಕೆಲಸ ನಿನಗೆ ಗೊತ್ತು. ಅಂಗೈಯಗಲದ ಗಾಜಿನ ಮೇಲೆ ಕೂದಲಿಗಿಂತ ನೂರು ಪಟ್ಟು ತೆಳುವಾದ ಪದರ ಕೂಡಿಸಬೇಕು. ಬಿಸಿಲು ಬಿದ್ದರೆ ಅದು ಕರೆಂಟು ಕೊಡಬೇಕು. ಧೂಳಿನ ಒಂದು ಕಣ ಕೂತರೂ ಪದರಕ್ಕೆ ತೂತು ಬಿದ್ದು ಗಾಜು ಕೆಡುತ್ತದೆ. ಈ ಕೆಲಸ ಶುರುವಾದ ಜುಲೈಯಿಂದಲೇ ಮೂರರಲ್ಲಿ ಎರಡು ಹೀಗೆ ಕೆಟ್ಟವು. ಹೊರಗೆ ಪರೀಕ್ಷೆ ಮಾಡಿಸಿದಾಗ ಆ ಕಣದಲ್ಲಿ ಸುಣ್ಣದ ಅಂಶ ಇದೆ ಎಂದು ಬಂತು. ನಮ್ಮ ಬೋರ್‌ವೆಲ್ ನೀರಿನಲ್ಲೂ ಸುಣ್ಣವಿದೆ. ಗಾಜು ತೊಳೆಯುವವನು ದುರುಗೇಶ. ಡಿಸ್ಟಿಲ್ಡ್ ನೀರು ಬಿಟ್ಟು ಬೋರಿನ ನೀರಿನಲ್ಲಿ ತೊಳೆದಿದ್ದಾನೆ ಎಂದು ಎಲ್ಲರೂ ತಿಳಿದರು. ಅವನು ಇಲ್ಲವೆಂದ. ದಿನಚರಿ ಪುಸ್ತಕದಲ್ಲಿ "ತೊಳೆದದ್ದು ಸರಿಯಿಲ್ಲ" ಎಂದು ಬರೆದು ಸಹಿ ಮಾಡಿದವನು ನಾನು. ಸೆಪ್ಟೆಂಬರಿನಲ್ಲಿ ಅವನನ್ನು ಕೆಲಸದಿಂದ ಬಿಡಿಸಿದರು. ಆ ದಿನ ಮನೆಯಲ್ಲಿ ಹೇಳಿದಾಗ ನೀನು "ಆ ಕೇರಿಯವ್ರು ತೊಳದ್ರ ಅಷ್ಟ ಅಲ್ಲೇನಪ" ಎಂದೆ. ನಾನು ಉಣ್ಣುತ್ತಿದ್ದೆ. ಹೂಂ ಎಂದೆ.

ಆಮೇಲೆ ಗಾಜು ನಾನೇ ತೊಳೆದೆ. ತೂತು ನಿಲ್ಲಲಿಲ್ಲ. ಪಾತ್ರೆ ಹಳೆಯವು ಎಂದುಕೊಂಡೆವು. ನೀನು ಸೊಲ್ಲಾಪುರಕ್ಕೆ ಹೋದ ಮೇಲೆ ಮನೆಯಲ್ಲಿ ವಿಭೂತಿ ಗಟ್ಟಿ ತೀರಿತು. ಅದು ತೀರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಾಲ್ಕು ದಿನ ಬರಿ ಹಣೆಯಲ್ಲಿ ಹೋದೆ. ಆ ನಾಲ್ಕು ದಿನದ ಇಪ್ಪತ್ತನಾಲ್ಕು ಗಾಜಿನಲ್ಲಿ ಒಂದೂ ಕೆಡಲಿಲ್ಲ. ಐದನೆಯ ದಿನ ಅಪ್ಪ ಗುರುಗುಂಟಾದಿಂದ ಗಟ್ಟಿ ತಂದರು, ಹಚ್ಚಿಕೊಂಡು ಹೋದೆ. ಆರರಲ್ಲಿ ನಾಲ್ಕು ಕೆಟ್ಟವು. ತಲೆಯ ಟೊಪ್ಪಿಗೆಗೂ ಮುಖದ ಮಾಸ್ಕಿಗೂ ನಡುವೆ ಹಣೆ ತೆರೆದೇ ಇರುತ್ತದೆ. ಬಾಗಿದಾಗ ಉದುರುತ್ತಿತ್ತು. ವಿಭೂತಿಯಲ್ಲಿ ಇರುವುದೂ ಸುಣ್ಣದ ಅಂಶವೇ.

ತಿಳಿದ ಮೇಲೆ ಡಬ್ಬಿ ತೆರೆದು ಉಂಡೆ. ಮಧ್ಯಾಹ್ನ ಹಣೆ ಒರೆಸಿಕೊಂಡು ಇನ್ನೂ ಆರು ಗಾಜು ಮಾಡಿದೆ, ಆರೂ ಸರಿ ಬಂದವು. ಏನೂ ಅನಿಸಲಿಲ್ಲ. ಹನ್ನೊಂದು ದಿನ ಯಾರಿಗೂ ಹೇಳಲಿಲ್ಲ. ಮೊನ್ನೆ ಶುಕ್ರವಾರ ಎಲ್ಲ ಬರೆದು ನಮ್ಮ ಮುಖ್ಯಸ್ಥೆ ಮುಸರತ್ ಮೇಡಂ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿ, "ದುರುಗೇಶನ್ನ ತಿರುಗಿ ಕರಿಯೋ ಕಾಗದ ನಾ ಕಳಸ್ತೀನಿ. ಮಾತು ನೀನ ಹೋಗಿ ಹೇಳು" ಎಂದರು. ನನ್ನ ಕೆಲಸದ ತೀರ್ಮಾನ ತಿಂಗಳ ಕೊನೆಗೆ.

ಅಕ್ಕನಿಗೂ ಭಾವನಿಗೂ ನಮಸ್ಕಾರ ತಿಳಿಸು. ಕೂಸಿಗೆ ನನ್ನ ಹೆಸರಿನಲ್ಲಿ ಒಂದು ಮುತ್ತು ಕೊಡು. ನಿನ್ನ ಆಶೀರ್ವಾದ ಇರಲಿ.

ನಿನ್ನ ಮಗ
ಸಿದ್ದಲಿಂಗೇಶ

ತಾ.ಕ.: ಸೋಮವಾರ ಬೆಳಿಗ್ಗೆ, ಬಸ್ಸಿಗೆ ಹೊತ್ತಾಯಿತು. ನಿನ್ನೆ ಸಂಜೆ ದುರುಗೇಶನ ಮನೆಗೆ ಹೋಗಿದ್ದೆ. ಅವನು ಈಗ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊಲಿಯುತ್ತಾನೆ. "ಎರಡು ವರ್ಷ ಒಂದ ಬಸ್ಸಿನ್ಯಾಗ ಬಂದೀವಿ. ನೀನರ ಒಂದ್ಸಲ ಕೇಳಬೇಕಿತ್ತಲೇ" ಎಂದ. ಕೆಲಸಕ್ಕೆ ತಿರುಗಿ ಬರುವುದಿಲ್ಲವಂತೆ. ನೀನು ಓಣಿಯಲ್ಲೂ ಆಡಿದ ಆ ಕೇರಿಯ ಮಾತು ಆಗಲೇ ಅವರ ಕಿವಿಗೆ ಬಿದ್ದಿದೆ. ಅವನ ತಾಯಿ ಯಂಕಮ್ಮ ಒಳಗಿನಿಂದ "ನಿಮ್ಮವ್ವಗ ಹೇಳಿಯೇನಪ?" ಎಂದು ಕೇಳಿದರು. ಹೇಳೀನಿ ಎಂದೆ. ಈ ಪತ್ರ ಆಗ ನನ್ನ ಜೇಬಿನಲ್ಲೇ ಇತ್ತು. ಈಗ ಅಂಚೆ ಡಬ್ಬಿಗೆ ಹಾಕುತ್ತಿದ್ದೇನೆ.