ಕುರ್ಚಿ ಹೇಳಿದ ಸಾಕ್ಷಿ

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಸಣ್ಣಿಯ ನಮಸ್ಕಾರ. ಎರಡು ಪತ್ರ ಬರೆದರೂ ಉತ್ತರ ಬರಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ತಪ್ಪು ನನ್ನದೇ. ಬೈಯುವುದಿದ್ದರೆ ಮುಂದಿನ ಪತ್ರದಲ್ಲಿ ಬೈದುಬಿಡು, ಮೊದಲು ಇದನ್ನು ಪೂರ್ತಿ ಓದು. ಹೇಳುವ ಸುದ್ದಿ ಎಷ್ಟಿದೆಯೆಂದರೆ, ಪೆನ್ನು ನನ್ನ ಕೈಯಲ್ಲಿ ನಿಲ್ಲುತ್ತಿಲ್ಲ.

ಮೊನ್ನೆ ಗುರುವಾರ ನಮ್ಮ ಹಾಡಿನ ಕಂಪನಿಯ ಮೀಟಿಂಗಿನಲ್ಲಿ ನಾನು ಬಾಯಿಬಿಟ್ಟೆ ಅಕ್ಕ! ನಾನು! ಮ್ಯಾನೇಜರ್ ಎದುರು, ವಕೀಲರ ಎದುರು, ಅಷ್ಟೇ ಏಕೆ, ನೀನು ಯಾರಿಗಾಗಿ ಟ್ರಯಲ್ ಹಾಡುತ್ತಿದ್ದೆಯೋ ಆ ದೊಡ್ಡ ಗಾಯಕಿಯ ಎದುರೇ.

ಮೊದಲಿನಿಂದ ಹೇಳುತ್ತೇನೆ. ಕಳೆದ ತಿಂಗಳ ಕೊನೆಯಲ್ಲಿ ಎಲ್ಲರ ಫೋನಿನಲ್ಲೂ ಒಂದು ಹೊಸ ಹಾಡು ಓಡಾಡಿತು. ದೊಡ್ಡ ಗಾಯಕಿ ಹಾಡಿದ್ದಾರೆ ಎಂದು ಅದರ ಮೇಲೆ ಬರೆದಿತ್ತು. ಅವರು ಅದನ್ನು ಹಾಡಿಯೇ ಇರಲಿಲ್ಲ. ಗೊರಗೊರ ಸದ್ದು ತೆಗೆಸಲೆಂದು ನಮ್ಮ ಕಂಪನಿ ಹೊರಗೆ ಕಳಿಸಿದ್ದ ಹಳೆಯ ಟೇಪುಗಳನ್ನು ಯಾರೋ ಎಐಗೆ ಕೇಳಿಸಿ, ಅದೇ ದನಿಯಲ್ಲಿ ಹಾಡು ಕಟ್ಟಿಸಿದ್ದರು. ಕಂಪನಿ ಸುಮ್ಮನಿರಲಿಲ್ಲ. ವಕೀಲರನ್ನೂ ಗಾಯಕಿಯನ್ನೂ ಕರೆಸಿತು. ಟೇಪಿನ ಡಬ್ಬಗಳನ್ನು ಹೊತ್ತುಕೊಂಡು ನಾನೂ ಹೋದೆ. ಯಾವ ಡಬ್ಬ ಎಲ್ಲಿದೆಯೆಂದು ನನ್ನನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲವಲ್ಲ.

ಹಾಡು ಹಾಕಿದರು. ಗಾಯಕಿ ಕಣ್ಣು ಮುಚ್ಚಿ ಕೇಳಿದರು. ಆಮೇಲೆ, "ಅಯ್ಯೋ, ಇದು ನನ್ನ ದನಿನೇ ಅಲ್ಲ ಕಣ್ರೀ! ಮೇಲಿನ ಸ್ವರಕ್ಕೆ ಹೋಗೋ ಮುಂಚೆ ನಾನು ಹೀಗೆ ಉಸಿರು ಎಳ್ಕೊಳ್ಳೋದೇ ಇಲ್ಲ" ಎಂದರು.

ವಕೀಲರು ತಲೆ ಕೆರೆದುಕೊಂಡರು. "ಮೇಡಂ, ನೀವೇ ಹೀಗಂದ್ರೆ ನಾನು ಯಾರ ಪರವಾಗಿ ವಾದ ಮಾಡ್ಲಿ?"

"ನಮ್ಮಕ್ಕನ ಪರವಾಗಿ" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಕಿವಿಯೆಲ್ಲ ಬಿಸಿಯಾಯಿತು. ಮ್ಯಾನೇಜರ್, "ಏನಮ್ಮ, ನಿನಗೂ ಬಾಯಿದೆಯಾ? ಆರು ವರ್ಷದಲ್ಲಿ ಇವತ್ತೇ ಮೊದಲು ಕೇಳ್ತಿರೋದು" ಎಂದು ಅಣಕಿಸಿದರು.

"ದೊಡ್ಡವರು ಹಾಡೋಕೆ ಮುಂಚೆ ನಮ್ಮಕ್ಕ ಹಾಡಿ ತೋರಿಸ್ತಿದ್ಳು ಸಾರ್. ಆ ಟ್ರಯಲ್ ಟೇಪನ್ನೂ ದೊಡ್ಡವರ ಹೆಸರಿನ ಡಬ್ಬದಲ್ಲೇ ಇಡೋದು ಇಲ್ಲಿನ ಪದ್ಧತಿ. ಹೊರಗೆ ಹೋಗಿದ್ದರಲ್ಲಿ ಮುಕ್ಕಾಲು ಪಾಲು ಟ್ರಯಲ್ಲೇ."

"ಬಾಯಲ್ಲಿ ಹೇಳಿದ್ರೆ ಆಯ್ತಾ? ಸಾಕ್ಷಿ ಏನಿದೆ?" ಎಂದರು ವಕೀಲರು.

"ಹಾಡಿನ ಮಧ್ಯೆ ಕಿರ್ ಅನ್ನತ್ತಲ್ಲ, ಅದು ಕುರ್ಚಿ ಸಾರ್. ಅದರ ಮೇಲೆ ಕೂತಿದ್ದವಳು ನಾನು."

ಯಾರೋ ಕಿಸಕ್ಕೆಂದರು. ನಾನು ಡಬ್ಬದಿಂದ ನಿನ್ನ ಟ್ರಯಲ್ ಟೇಪು ತೆಗೆದು ಹಾಕಿದೆ. ನೀನು ಹಾಡಿದೆ. ಅದೇ ಉಸಿರು. ಚರಣದ ನಡುವೆ ಅದೇ ಕಿರ್. ತಕ್ಷಣ ನೀನು ಹಾಡು ನಿಲ್ಲಿಸಿ, "ಸಣ್ಣೀ, ಕಾಲಾಡಿಸಬೇಡ ಅಂತ ಎಷ್ಟು ಸಲ ಹೇಳ್ಲಿ? ಕುರ್ಚಿ ಸಮೇತ ಆಚೆ ಇಡ್ತೀನಿ ನೋಡು!" ಎಂದು ಗದರಿದೆ.

ಕೋಣೆಗೆ ಕೋಣೆಯೇ ನಕ್ಕಿತು. ಎಐ ನಿನ್ನ ದನಿಯ ಜೊತೆಗೆ ನನ್ನ ಕುರ್ಚಿಯನ್ನೂ ಕಲಿತುಬಿಟ್ಟಿತ್ತು! ಗಾಯಕಿ ಕಣ್ಣೊರೆಸಿಕೊಂಡು, "ಟೇಪಿನಲ್ಲಿರೋ ಈ ಹುಡುಗಿ ಹಾಡಿದ್ದು ಕೇಳಿಸ್ಕೊಂಡೇ ನಾನು ಅಷ್ಟೊಂದು ಹಾಡು ಕಲಿತಿದ್ದು. ಇವಳ ಹೆಸರು ಎಲ್ಲಾದ್ರೂ ಬರೆದಿದೀರಾ?" ಎಂದು ಕೇಳಿದರು. ಮ್ಯಾನೇಜರ್ ಮೇಜಿನ ಮೇಲಿದ್ದ ಪೆನ್ನನ್ನು ಅತ್ತಿಂದಿತ್ತ ಸರಿಸಿದರು.

ಅದೇ ಸಂಜೆ ದೂರು ಹೋಯಿತು. ದನಿ ಯಾರದು ಎಂಬಲ್ಲಿ ನಿನ್ನ ಹೆಸರು! ಶುಕ್ರವಾರ ಬೆಳಗಾಗುವಷ್ಟರಲ್ಲಿ ಆ ಹಾಡನ್ನು ಎಲ್ಲ ಕಡೆಯಿಂದ ತೆಗೆದುಹಾಕಿದ್ದರು. ಇನ್ನು ಮುಂದೆ ನಮ್ಮ ಕಂಪನಿಯಲ್ಲಿ ಯಾರ ದನಿಯನ್ನಾದರೂ ಎಐಗೆ ಕಲಿಸಬೇಕಾದರೆ ಅವರ ಸಹಿ ಬೇಕೇ ಬೇಕು. ಕೋರಸ್ ಹಾಡಿದವರದ್ದೂ, ಟ್ರಯಲ್ ಹಾಡಿದವರದ್ದೂ. ಡಬ್ಬಗಳ ಮೇಲೆ ನಿನ್ನ ಹೆಸರನ್ನು ನಾನೇ ಬರೆದೆ. ಬೆವರಿದ ಕೈ ತಾಗಿ ಮೊದಲನೆಯದು ಸ್ವಲ್ಪ ಅಳಿಸಿಹೋಗಿದೆ.

ಇದರ ಜೊತೆ ಒಂದು ಕಾಗದ ಇಟ್ಟಿದ್ದೇನೆ. ಮೂರು ಸಲ ಓದಿದ ಮೇಲೆ ನನಗೆ ಅರ್ಥವಾಯಿತು. ಅದರಲ್ಲಿ ಎರಡು ಚೌಕಗಳಿವೆ. ನಿನ್ನ ದನಿಯನ್ನು ಎಐಗೆ ಕಲಿಸಬಹುದು ಎಂದು ಒಂದು, ಕೂಡದು ಎಂದು ಇನ್ನೊಂದು. "ಒಪ್ಪಿದ್ರೆ ನಿಮ್ಮಕ್ಕನ ದನೀಲಿ ಹೊಸ ಹಾಡು ಮಾಡೋಣ" ಎಂದು ಮ್ಯಾನೇಜರ್ ಆಸೆಯಿಂದ ಹೇಳಿದರು. ವಕೀಲರು ಮಾತ್ರ, "ಕೂಡದು ಅಂದ್ರೆ ಕೂಡದು. ಆಮೇಲೆ ಕಂಪನಿನೂ ಮುಟ್ಟೋ ಹಾಗಿಲ್ಲ" ಎಂದರು. ಅಂದು ನಿನ್ನನ್ನು ಕೇಳದೆ ನಿನ್ನ ದನಿ ಒಯ್ದಿದ್ದರು, ಈಗ ನಿನ್ನ ಉತ್ತರಕ್ಕೆ ಇಷ್ಟು ಜನ ಕಾಯುತ್ತಿದ್ದಾರೆ! ನೆನೆದರೆ ಕುಣಿಯುವ ಹಾಗಾಗುತ್ತದೆ. ತಿಂಗಳು ಮುಗಿಯುವುದರೊಳಗೆ ಗುರುತು ಹಾಕಿ ಕಳಿಸು.

ಭಾವನಿಗೆ ನನ್ನ ನಮಸ್ಕಾರ. ಮಗುವಿಗೆ ಕೆನ್ನೆ ತುಂಬ ಮುತ್ತು, ಅದು ನಗುನಗುತ್ತಾ ನೂರು ವರ್ಷ ಬಾಳಲಿ. ನಿನ್ನ ಆಶೀರ್ವಾದದ ಕೈ ನನ್ನ ತಲೆಯ ಮೇಲಿರಲಿ.

ನಿನ್ನ
ಸಣ್ಣಿ

ವಿ. ಸೂ.: ಉತ್ತರ ಬರೆಯದಿದ್ದುದಕ್ಕೆ ಕಾರಣ ಹೇಳಲೇ ಇಲ್ಲ. ಆ ಹಾಡನ್ನು ಬಸ್ಸಿನಲ್ಲಿ ಮೊದಲ ಸಲ ಕೇಳಿದಾಗಲೇ ಅದು ನಿನ್ನ ದನಿಯೆಂದು ಗೊತ್ತಾಗಿತ್ತು. ಗಂಟಲಿನ ಆಪರೇಷನ್ನಿನಲ್ಲಿ ನಿನ್ನ ಮಾತು ಹೋಗಿ ಎರಡು ವರ್ಷವಾಯಿತು. ಟೇಪಿನಲ್ಲಿರುವುದೆಲ್ಲ ನನಗೆ ಬಾಯಿಪಾಠ. ಇದರಲ್ಲಿ ನೀನು ಹಿಂದೆಂದೂ ಹಾಡದ ಮಾತುಗಳಿದ್ದವು ಅಕ್ಕ. ಕದ್ದದ್ದೆಂದು ಗೊತ್ತಿದ್ದೂ ಹನ್ನೊಂದು ದಿನ ಯಾರಿಗೂ ಹೇಳದೆ, ಊಟದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಕೇಳಿದೆ. ಅದನ್ನು ನಿನಗೆ ಹೇಗೆ ಬರೆಯಲಿ? ಗುರುವಾರ ಬಾಯಿ ತೆರೆದಾಗ, ಇನ್ನು ಆ ಹಾಡು ಕೇಳಲು ಸಿಗುವುದಿಲ್ಲವೆಂದು ಗೊತ್ತೇ ಇತ್ತು. ನೀನು ಯಾವ ಚೌಕಕ್ಕೆ ಗುರುತು ಹಾಕಿದರೂ ನಾನೇ ಒಯ್ದು ಕೊಡುತ್ತೇನೆ. ನನಗೋಸ್ಕರ ಮಾತ್ರ ಒಪ್ಪಬೇಡ.