ಗೊರಕೆಗಿರುವ ರಿಯಾಯಿತಿ ಕಾವ್ಯಕ್ಕೂ ಇರಲಿ

ಮಾನ್ಯ ಗ್ರಂಥಾಲಯಾಧಿಕಾರಿಗಳೇ,

ನಾನು ಹೈಸ್ಕೂಲು ಮುಗಿಸಿದವಳು, ಮಾರುಕಟ್ಟೆ ಬೀದಿಯ ಹಾಸಿಗೆ ಅಂಗಡಿಯ ಯಜಮಾನಿ, ಮೂವರು ಸೊಸೆಯಂದಿರ ಅತ್ತೆ. ಮನೆಯಲ್ಲಿ ನಾನು ಬಾಯಿ ತೆರೆದರೆ ಉಳಿದವರು ಮುಚ್ಚುತ್ತಾರೆ. ಅಂಥ ನನ್ನನ್ನು ಕಳೆದ ವಾರ ನಿಮ್ಮ ಓದುವ ಕೋಣೆಯಿಂದ, ಓದಿದ ಅಪರಾಧಕ್ಕಾಗಿ ಹೊರಗೆ ಕಳಿಸಲಾಯಿತು.

ಗಟ್ಟಿಯಾಗಿ ಓದಿದೆ, ನಿಜ. ಆದರೆ ನಾನು ಓದುತ್ತಿದ್ದ ಆ ಹಳಗನ್ನಡ ಕಾವ್ಯವನ್ನು ಮನಸ್ಸಿನಲ್ಲೇ ಓದಿ ಅರ್ಥಮಾಡಿಕೊಂಡವರು ನಿಮ್ಮ ಇಲಾಖೆಯಲ್ಲಿ ಯಾರಾದರೂ ಇದ್ದಾರೆಯೇ? ಅದರ ಪದಗಳು ನಮ್ಮ ಹಾಸಿಗೆಯ ಅಂಚಿನಂತೆ ಒಂದಕ್ಕೊಂದು ಹೊಲಿದುಕೊಂಡಿವೆ. ಎಲ್ಲಿ ಮೊದಲು, ಎಲ್ಲಿ ಕೊನೆ ಎಂದು ಕಣ್ಣಿಗೆ ಕಾಣುವುದಿಲ್ಲ. ಆ ಹೊಲಿಗೆ ಬಿಚ್ಚಲು ಬಾಯಿಯೇ ಬೇಕು. ಪುಸ್ತಕದ ಕೊನೆಗೆ ಅರ್ಥಕೋಶವೇನೋ ಇದೆ. ಅದು ಗೊತ್ತಿಲ್ಲದ ಒಂದು ಪದಕ್ಕೆ ಗೊತ್ತಿಲ್ಲದ ಮೂರು ಪದ ಕೊಟ್ಟು ಕೈತೊಳೆದುಕೊಳ್ಳುತ್ತದೆ.

ಅರ್ಥ ಗೊತ್ತಿರುವುದು ನನ್ನ ನಾದಿನಿಗೆ. ನಮ್ಮ ಮಾವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಂಥವನ್ನು ಓದಿಸುತ್ತಿದ್ದರು. ಈಗ ಅವಳ ಕಣ್ಣು ಪೂರ್ತಿ ಹೋಗಿದೆ. ಕಣ್ಣು ನನ್ನದು, ಕಿವಿ ಅವಳದು. ಇಬ್ಬರೂ ಸೇರಿದರೆ ಒಬ್ಬ ಓದುಗಿ.

"ಅತ್ತಿಗೆ, ಅಲ್ಲಿ ನಿಲ್ಲಿಸ್ಬೇಡಿ. ನಿಮ್ಮ ಉಸಿರು ಮುಗಿಯೋ ಕಡೆ ಅಲ್ಲ, ಕವಿ ಮಾತು ಮುಗಿಯೋ ಕಡೆ ನಿಲ್ಲಿಸಿ."

"ನಂಗೇ ನಿಲ್ಲಿಸೋದು ಹೇಳ್ಕೊಡ್ತೀಯೇನೇ? ಮನೇಲಿ ಎಲ್ರನ್ನೂ ನಿಲ್ಲಿಸಿರೋಳು ನಾನು!"

"ಮನೆಯವ್ರು ನಿಲ್ತಾರೆ. ಪದ್ಯ ನಿಲ್ಲಲ್ಲ."

ಹೀಗೆ ನಿಮ್ಮ ಓದುವ ಕೋಣೆಯಲ್ಲಿ ಜಗಳವಾಡುತ್ತಲೇ ಅರ್ಧ ಕಾವ್ಯ ದಾಟಿದೆವು. ರಾಣಿ ರಾಜನ ಮೇಲೆ ಮುನಿದು, ಅರಮನೆ ಬಿಟ್ಟು, ತುಂಬಿದ ಹೊಳೆಯಲ್ಲಿ ದೋಣಿ ಹತ್ತಿದ್ದಳು. ನಡುನೀರಿನಲ್ಲಿ ಅಂಬಿಗನ ಕೈಯಿಂದ ಹುಟ್ಟು ಜಾರಿತು. ಸರಿಯಾಗಿ ಆಗಲೇ ನಿಮ್ಮ ಸಹಾಯಕರು ಬಂದು ಗೋಡೆಯ 'ನಿಶ್ಶಬ್ದ' ಫಲಕ ತೋರಿಸಿದರು. ಎದುರು ಮೇಜಿನಲ್ಲಿ ಹಿರಿಯರೊಬ್ಬರು ಪತ್ರಿಕೆ ಹೊದ್ದು ಗೊರಕೆ ಹೊಡೆಯುತ್ತಿದ್ದರು. ನಿದ್ದೆಯ ಮೇಲೆ ನನಗೆ ಸಿಟ್ಟಿಲ್ಲ, ನಮಗೆ ಅನ್ನ ಹಾಕುವುದೇ ಅದು. ಆದರೆ ಗೊರಕೆ ನಿಶ್ಶಬ್ದವೇ? ಕೇಳಿದೆ.

"ಅವ್ರು ಬೇಕೂಂತ ಮಾಡ್ತಿಲ್ವಲ್ಲಮ್ಮಾ" ಎಂದರು ಸಹಾಯಕರು. ಅಂದರೆ, ನಿಮ್ಮಲ್ಲಿ ಬೇಕೆಂದು ಓದುವುದೇ ತಪ್ಪು!

ಅಂದಿನಿಂದ ನಾದಿನಿಯದು ಒಂದೇ ಪ್ರಶ್ನೆ: "ಅತ್ತಿಗೆ, ಅವ್ಳು ದಡ ಸೇರಿದ್ಲಾ?" ಒಬ್ಬಳೇ ಬಂದು ಬಾಯಿಮುಚ್ಚಿ ನೋಡಿದೆ. ಪುಟ ಕಂಡಿತು, ದಡ ಕಾಣಲಿಲ್ಲ. 'ಗೊತ್ತಿಲ್ಲ' ಎಂಬ ಮಾತು ನಮ್ಮ ಮನೆಯಲ್ಲಿ ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅದಕ್ಕೆ ನೀವೇ ಹೊಣೆ.

ಹಳೆಯ ಪ್ರತಿ, ಮನೆಗೆ ಕೊಡುವುದಿಲ್ಲ ಎಂಬ ನಿಯಮ ನ್ಯಾಯವಾದದ್ದು. ಆದ್ದರಿಂದ ಮುರಿದ ಕುರ್ಚಿಗಳನ್ನು ಪೇರಿಸಿಟ್ಟಿರುವ ಆ ಹಿಂದಿನ ಕೋಣೆಯನ್ನು ಗಟ್ಟಿಯಾಗಿ ಓದುವವರಿಗೆ ಬಿಟ್ಟುಕೊಡಿ. ಕಸ ನಾವೇ ಗುಡಿಸಿಕೊಳ್ಳುತ್ತೇವೆ.

ನೀವು ಯೋಚಿಸಿ ಮುಗಿಸುವ ತನಕ ರಾಣಿ ನೀರಿನಲ್ಲಿ ಇರಲಾರಳು. ನಿಮ್ಮ ನಿಯಮಾವಳಿಯನ್ನೂ ಓದಿದೆ, ಕಾವ್ಯವೇ ವಾಸಿ. ಪುಸ್ತಕ ಕೋಣೆಯಿಂದ ಹೊರಹೋಗಕೂಡದು. ಸದ್ದು ಕೋಣೆಯೊಳಗೆ ಆಗಕೂಡದು. ನಿನ್ನೆಯಿಂದ ಎರಡನ್ನೂ ಪಾಲಿಸುತ್ತಿದ್ದೇನೆ. ಪುಸ್ತಕ ಒಳಗೆ ಕಿಟಕಿಯ ಪಕ್ಕದ ಮೇಜಿನ ಮೇಲಿದೆ, ನಾದಿನಿ ಹೊರಗೆ ಕಿಟಕಿಯ ಕೆಳಗಿನ ಬೆಂಚಿನ ಮೇಲಿದ್ದಾಳೆ. ಒಂದು ಸಾಲು ನೋಡುತ್ತೇನೆ, ತಲೆ ಹೊರಹಾಕಿ ಹೇಳುತ್ತೇನೆ, ಅವಳಿಂದ ಬೈಸಿಕೊಂಡು ಒಳಗೆ ಬರುತ್ತೇನೆ. ಸಂಜೆಯ ಹೊತ್ತಿಗೆ ರಾಣಿ ದಡ ಸೇರಿದಳು. ರಾಜನನ್ನು ಕ್ಷಮಿಸಿದಳೋ ಇಲ್ಲವೋ ಇವತ್ತು ತಿಳಿಯುತ್ತದೆ. ಪಕ್ಕದ ಕಿಟಕಿ ನಿಮ್ಮ ಕೋಣೆಯದೇ; ಕೇಳಬೇಕೆನಿಸಿದರೆ ತೆರೆದಿಟ್ಟುಕೊಳ್ಳಿ.

ಇಂತಿ,
ಕುತ್ತಿಗೆಯವರೆಗೆ ಮಾತ್ರ ನಿಮ್ಮ ಅಧೀನಳಾದ,
ಆ ಕುತ್ತಿಗೆಯೂ ನೋಯುತ್ತಿರುವ ಓದುಗಿ